ತಲೆ ಎಣಿಸುವ ಹಡಗು

ತುಕ್ಕಾನಟ್ಟಿ

ಎರಡು ಹಡಗುಗಳು ನಮ್ಮ ಪಡಸಾಲೆಯಲ್ಲಿ ಹದಿನೈದು ದಿನ ಬಿದ್ದಿದ್ದವು. ಹೊಳೆಯುವ ಕಾಗದದ ಮೇಲಿನ ಹಡಗುಗಳು. ಬಂದವರೆಲ್ಲ ಒಂದನ್ನು ಎತ್ತಿ ನೋಡಿ, ಇದೇ ಚಲೋ ಅಂದು, ಚಹಾ ಕುಡಿದು ಹೋಗುತ್ತಿದ್ದರು. ಮರುದಿನ ಬಂದವರು ಇನ್ನೊಂದನ್ನು ಎತ್ತುತ್ತಿದ್ದರು. ನನಗಂತೂ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಕಸ ಗುಡಿಸುವಾಗ ಎರಡನ್ನೂ ಎತ್ತಿ ಗೂಡಿನಲ್ಲಿ ಇಡುತ್ತಿದ್ದೆ, ಗುಡಿಸಿ ಆದ ಮೇಲೆ ಮತ್ತೆ ತಂದು ನೆಲದ ಮೇಲೆ ಹಾಸುತ್ತಿದ್ದೆ.

ವಿಷಯ ಇಷ್ಟು. ನನ್ನ ಮಗ ಮಾಳಪ್ಪ ಅರಭಾವಿ ರಸ್ತೆಯಲ್ಲಿ ಸಸಿಗಳ ನರ್ಸರಿ ನಡೆಸುತ್ತಾನೆ. ಬೇಸಿಗೆ ರಜೆಯಲ್ಲಿ ಮನೆಮಂದಿಯೆಲ್ಲ ಕೂಡಿ ಒಮ್ಮೆ ಹಡಗಿನಲ್ಲಿ ಹೋಗಿ ಬರೋಣ ಅಂದವನು ಅವನೇ. ಒಂದು ಹಡಗು ಬಹಳ ದೊಡ್ಡದು. ಅದರ ನೆತ್ತಿಯ ಮೇಲೆ ನೀರಿನ ಜಾರುಬಂಡಿ, ಸುತ್ತಿ ಸುತ್ತಿ ಸಮುದ್ರದ ಮೇಲೆ ಚಾಚಿ ಮತ್ತೆ ಒಳಗೆ ಬರುವಂಥದು. ಮೊಮ್ಮಗಳು ಅಕ್ಷತಾ ಆರನೆಯ ಇಯತ್ತೆ. ಆ ಚಿತ್ರವನ್ನು ಸಾಲಿಗೆ ಒಯ್ದು ಎಲ್ಲರಿಗೂ ತೋರಿಸಿ ಬಂದಿದ್ದಳು. ಇನ್ನೊಂದು ಹಡಗು ಸಣ್ಣದು. ಅದರ ಕಾಗದದಲ್ಲಿ ಬಿಳಿ ಕೂದಲಿನ ಗಂಡ ಹೆಂಡತಿ ಕುರ್ಚಿಯಲ್ಲಿ ಕೂತು ನೀರು ನೋಡುತ್ತಿದ್ದರು, ಅಷ್ಟೆ.

ಸೊಸೆ ಸಾವಿತ್ರಿ ಎರಡನ್ನೂ ಮುಟ್ಟಲಿಲ್ಲ. “ನೀವ ಹೋಗಿ ಬರ್ರಿ. ನಾ ಸಿದ್ದೂನ ಹಿಡಕೊಂಡ ಮನ್ಯಾಗ ಇರ್ತೇನಿ,” ಅಂದಳು.

ಸಿದ್ದು ನನ್ನ ಮೊಮ್ಮಗ, ಏಳು ವರ್ಷದವನು. ಮಾತು ಬಹಳ ಕಡಿಮೆ. ತಿರುಗುವುದು, ಹೊಳೆಯುವುದು, ಹರಿಯುವುದು ಏನಾದರೂ ಕಂಡರೆ ಕೈ ಬಿಡಿಸಿಕೊಂಡು ಹೋಗಿಬಿಡುತ್ತಾನೆ. ಕರೆದರೆ ತಿರುಗಿ ನೋಡುವುದಿಲ್ಲ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದ್ದಾರೆ, ನನಗೆ ಅವನ ಹೆಸರೇ ಸಾಕು. ಒಮ್ಮೆ ಮೂಡಲಗಿ ಸಂತೆಯಲ್ಲಿ ತಪ್ಪಿಸಿಕೊಂಡವನು ಮಧ್ಯಾಹ್ನದವರೆಗೆ ಸಿಗಲಿಲ್ಲ. ಕಬ್ಬಿನ ಟ್ರಾಲಿಯ ಕೆಳಗೆ ಕೂತು ಗಾಲಿ ನೋಡುತ್ತಿದ್ದ. ಅಂದಿನಿಂದ ಸಾವಿತ್ರಿ ಕೂತು ಉಂಡಿಲ್ಲ. ಮನೆಯಲ್ಲೂ ನಿಂತೇ ಉಣ್ಣುತ್ತಾಳೆ, ಒಂದು ಕೈ ಮಗನ ಅಂಗಿಯ ಕಾಲರಿನ ಮೇಲೆ. ಗೋಕಾಕದಲ್ಲಿ ಅವಳ ಸ್ವಂತ ತಂಗಿಯ ಮದುವೆಯಲ್ಲಿ ಒತ್ತಾಯ ಮಾಡಿ ಕೂರಿಸಿದರೆ ಎಲೆ ಬಿಟ್ಟು ಮೂರು ಸಲ ಎದ್ದಳು, ನಾಲ್ಕನೆಯ ಸಲ ಎಲೆಯನ್ನೇ ಮಡಚಿದಳು. ನೋಡಿದವರು ನಕ್ಕರು. ನಾನು ನಗಲಿಲ್ಲ. ಆದರೆ ನಾನು ಹೊಟ್ಟೆ ತುಂಬ ಉಂಡೇ ಎದ್ದೆ. ಅದು ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ಹೇಳಿಬಿಟ್ಟೆ: ಸಾವಿತ್ರಿ ಬರದಿದ್ದರೆ ನಾನೂ ಬರುವುದಿಲ್ಲ. ಅವಳು ಕೂತು ಉಣ್ಣುವಂಥ ಹಡಗು ಯಾವುದೋ ಅದನ್ನು ಆರಿಸೋಣ. ಮಾಳಪ್ಪ ತಲೆ ಕೆರೆದುಕೊಂಡು, “ಹಂಗಾರ ನೀನ ಆರಿಸ ಬೇ. ನೀ ಅಂದದ್ದ ಖರೆ,” ಅಂದ.

ನಾವು ಕುರಿ ಮಂದಿ. ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ನಾನು ಹಿಂಡಿನ ಹಿಂದೆ ನಡೆದಿದ್ದೇನೆ. ಕುದುರೆಯ ಮೇಲೆ ಪಾತ್ರೆ, ಕೋಳಿ, ಕೂಸು ಎಲ್ಲ ಕಟ್ಟಿಕೊಂಡು ಇಂದು ಒಬ್ಬರ ಹೊಲ, ನಾಳೆ ಇನ್ನೊಬ್ಬರ ಹೊಲ. ಮನೆ ಸಮೇತ ನಡೆಯುವುದು ನಮಗೆ ಹೊಸದಲ್ಲ. ಆದರೆ ಹಿಂಡು ಎಬ್ಬಿಸುವ ಮೊದಲು ಒಬ್ಬರು ಮುಂದೆ ಹೋಗಿ ಹುಲ್ಲು ನೀರು ನೋಡಿ ಬರಬೇಕು. ಅದು ಆಗದಿದ್ದರೆ ಅಲ್ಲಿಂದ ಮರಳಿ ಬಂದವರನ್ನಾದರೂ ಕೇಳಬೇಕು. ಚಿತ್ರ ನೋಡಿ ಹಿಂಡು ಎಬ್ಬಿಸಿದವರನ್ನು ನಾನು ಕಂಡಿಲ್ಲ.

ನಮ್ಮ ಮನೆಯವರು ಬರುವುದಿಲ್ಲ ಅಂದರು. ಅರವತ್ತು ಕುರಿ ಬಿಟ್ಟು ಹೇಗೆ ಬರುತ್ತಾರೆ? “ಹಡಗಿನ್ಯಾಗ ಹುಲ್ಲ ಬೆಳಿತೈತೇನ? ಬೆಳದ್ರ ಹೇಳು, ಬರ್ತೇನಿ,” ಅಂದು ಕಂಬಳಿ ಹೆಗಲಿಗೆ ಹಾಕಿ ಹೊರಟುಹೋದರು.

ಮೂಡಲಗಿ

ಮೊದಲು ಆ ಕಾಗದ ಕೊಟ್ಟ ಅಂಗಡಿಗೇ ಹೋದೆವು. ಬಸ್ಸು, ರೈಲು, ವಿಮಾನ ಎಲ್ಲದರ ಟಿಕೀಟು ಮಾಡಿಕೊಡುವ ಅಂಗಡಿ. ಅಂಗಡಿಯವನು ನಗುಮುಖದ ಮನುಷ್ಯ. ದೊಡ್ಡ ಹಡಗನ್ನು ಹೊಗಳಿದ್ದೇ ಹೊಗಳಿದ್ದು. ಅದರಲ್ಲಿ ಸಿನಿಮಾ ಇದೆ, ಮಂಜಿನ ಮೇಲೆ ಕುಣಿಯುವವರಿದ್ದಾರೆ, ಮಕ್ಕಳಿಗೆ ಆಟ ಆಡಿಸುವವರೇ ಬೇರೆ ಇದ್ದಾರೆ. ಅಕ್ಷತಾ ನನ್ನ ಸೆರಗು ಜಗ್ಗುತ್ತಿದ್ದಳು.

ನಾನು ಒಂದೇ ಮಾತು ಕೇಳಿದೆ. ಅಷ್ಟು ದೊಡ್ಡ ಹಡಗಿನಲ್ಲಿ ಒಂದು ಕೂಸು ಕಾಣದಂತಾದರೆ ಯಾರಿಗೆ ಗೊತ್ತಾಗುತ್ತದೆ?

ಅವನು ನಕ್ಕ. “ಆಯಿ, ಸುತ್ತಲೂ ನೀರ ಐತಿ. ಕೂಸು ಎಲ್ಲಿಗೆ ಹೋಗ್ತೈತ್ರಿ?”

ಅವನು ಕೆಟ್ಟದ್ದು ಎಣಿಸಿ ಅಂದ ಮಾತಲ್ಲ. ಆದರೆ ಸಾವಿತ್ರಿ ಸಿದ್ದುವಿನ ಕೈ ಹಿಡಿದುಕೊಂಡು ಅಂಗಡಿಯಿಂದ ಇಳಿದುಬಿಟ್ಟಳು. ನೋಡಿದರೆ ಬಸ್ ಸ್ಟ್ಯಾಂಡಿನ ಗೋಡೆಗೆ ಬೆನ್ನು ಹಚ್ಚಿ, ಸಿದ್ದುವನ್ನು ಎರಡೂ ಕೈಯಿಂದ ಅವಚಿಕೊಂಡು ನಿಂತಿದ್ದಳು.

ಹುಕ್ಕೇರಿ

ಮಾಳಪ್ಪನ ಹತ್ತಿರ ಸಸಿ ಒಯ್ಯುವ ಹುಕ್ಕೇರಿಯ ಒಬ್ಬ ವ್ಯಾಪಾರಸ್ಥರ ಮನೆಯಲ್ಲಿ ಗೌರಕ್ಕ ಅಂತ ಹಿರಿಯರು. ಹಿಂದಿನ ವರ್ಷ ಮೊಮ್ಮಕ್ಕಳನ್ನು ಕರೆದುಕೊಂಡು ಆ ಸಣ್ಣ ಹಡಗಿನಲ್ಲೇ ಹೋಗಿ ಬಂದವರು ಅಂತ ತಿಳಿಯಿತು. ಮರಳಿ ಬಂದವರು ಸಿಕ್ಕರಲ್ಲ. ಮರುದಿನವೇ ಮಾಳಪ್ಪನ ಗಾಡಿಯಲ್ಲಿ ಹೊರಟೆ. ಅಕ್ಷತಾಳೂ ಬೆನ್ನು ಹತ್ತಿದಳು.

ಗೌರಕ್ಕ ವಿಭೂತಿ ಹಚ್ಚಿಕೊಂಡು ಜೋಕಾಲಿಯ ಮೇಲೆ ಕೂತು ಮಾತಾಡಿದರು. ಹಡಗಿನಲ್ಲಿ ಉಳ್ಳಾಗಡ್ಡಿ ಇಲ್ಲದ ಪಲ್ಲೆ ಕೂಡ ಸಿಗುತ್ತದೆ, ದಿನಾ ಪೂಜೆಗೆ ಏನೂ ತೊಂದರೆಯಾಗಲಿಲ್ಲ, ಮೆತ್ತನೆ ಹಾಸಿಗೆಯಲ್ಲಿ ಬೆನ್ನು ನೋವು ಬಂತು. ಇವೆಲ್ಲ ನನಗೆ ಬೇಡವಾಗಿತ್ತು. ಕಾಲು ಅಲ್ಲಾಡಿಸುತ್ತ ಕೇಳುತ್ತಿದ್ದೆ. ಎದ್ದು ಹೋಗೋಣ ಅನ್ನುವಷ್ಟರಲ್ಲಿ ಅವರು ಮೊದಲ ದಿನದ ಸುದ್ದಿ ಹೇಳಿದರು. ಹಡಗು ಬಿಡುವ ಮೊದಲು ದೊಡ್ಡ ಕೊಂಬು ಊದುತ್ತಾರಂತೆ. ಒಳಗಿದ್ದವರೆಲ್ಲ ತಮ್ಮ ತಮ್ಮ ಜಾಗಕ್ಕೆ ಬಂದು ನಿಲ್ಲಬೇಕಂತೆ. ಮಕ್ಕಳ ಕೈಗೆ ಆ ಜಾಗದ ಗುರುತಿನ ಪಟ್ಟಿ ಕಟ್ಟುತ್ತಾರಂತೆ.

“ನಿಂತ ಮ್ಯಾಲ?” ಅಂದೆ.

“ತಲಿ ಎಣಸ್ತಾರ್ರಿ. ಒಂದ ತಲಿ ಕಡಿಮಿ ಬಿದ್ರೂ ಹಡಗ ಬಿಡಂಗಿಲ್ಲ.”

ಚಹಾದ ಬಟ್ಟಲು ಕೆಳಗಿಟ್ಟೆ. ನನಗೆ ಮತ್ತೇನೂ ಕೇಳುವುದಿರಲಿಲ್ಲ. ದಿನಾ ಸಂಜೆ ಹಟ್ಟಿಯ ಬಾಯಿಯಲ್ಲಿ ನಿಂತು ಒಂದೊಂದೇ ಕುರಿಯ ಬೆನ್ನು ಮುಟ್ಟಿ ಒಳಗೆ ಬಿಡುವವಳು ನಾನು. ತಲೆ ಎಣಿಸುವ ಹಡಗು ಅಂದರೆ ಅದು ತಿಳಿದವರ ಹಡಗು. ಸಾವಿತ್ರಿಗೆ ಫೋನಿನಲ್ಲಿ ಹೇಳಿದೆ. ಮಕ್ಕಳ ತಲೆಯನ್ನೂ ಎಣಿಸುತ್ತಾರಾ ಅಂತ ಎರಡು ಸಲ ಕೇಳಿ, ಹಂಗಾದರೆ ಬರುತ್ತೇನೆ ಅಂದಳು.

ಅಕ್ಷತಾ ಮಾತ್ರ ಹುಕ್ಕೇರಿಯಿಂದ ಊರಿನವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಸಾಲಿಯಲ್ಲಿ ಜಾರುಬಂಡಿಯ ಸುದ್ದಿ ಎಲ್ಲರಿಗೂ ಹೇಳಿಬಿಟ್ಟಿದ್ದಳಲ್ಲ. ಘಟಪ್ರಭಾದಲ್ಲಿ ಗಾಡಿ ನಿಲ್ಲಿಸಿ ಗಿರಮಿಟ್ಟು ಕೊಡಿಸಿದರೂ ಮುಟ್ಟಲಿಲ್ಲ.

ಸಿಂಗಾಪುರದ ದಂಡೆ

ವಿಮಾನದ ಸುದ್ದಿ ಬೇಡ. ಇಡೀ ದಾರಿ ಸಿದ್ದು ಕಿಟಕಿಯಿಂದ ರೆಕ್ಕೆ ನೋಡಿದ, ನಾನು ಸಿದ್ದುವನ್ನು ನೋಡಿದೆ.

ಹಡಗುಕಟ್ಟೆಯಲ್ಲಿ ಎಷ್ಟು ಜನ, ಎಷ್ಟು ಬಾಗಿಲು! ಎಲ್ಲ ಬಾಗಿಲೂ ತಾವೇ ತೆರೆದು ತಾವೇ ಮುಚ್ಚುವಂಥವು, ಅಂದರೆ ಸಿದ್ದುವಿಗೆ ಹಬ್ಬ. ನಾನು ಹಳೆಯ ಸೀರೆಯ ಒಂದು ಪಟ್ಟಿ ಹರಿದು ತಂದಿದ್ದೆ. ಅವನ ನಡುವಿಗೊಂದು ಗಂಟು, ನನ್ನ ನಡುವಿಗೊಂದು. ಹಿಂಡಿನ ಹಿಂದೆ ನಡೆಯುವಾಗ ಮಾಳಪ್ಪನನ್ನು ಹಾಗೇ ಕಟ್ಟಿಕೊಂಡು ನಡೆದವಳು ನಾನು. ಸಾಲಿನಲ್ಲಿದ್ದವರು ನೋಡಿ ನೋಡಿ ಮುಖ ತಿರುಗಿಸಿದರು. ಮಾಳಪ್ಪ ಸಿಟ್ಟಾಗಿ, ಬಿಚ್ಚು ಅಂದ. ಸಾವಿತ್ರಿ ಗಂಟು ಜಗ್ಗಿ ನೋಡಿ ಇನ್ನಷ್ಟು ಬಿಗಿದಳು.

ಅಷ್ಟರಲ್ಲಿ ನನ್ನ ವಯಸ್ಸಿನ ಒಬ್ಬ ಬಿಳಿಯ ಅಜ್ಜಿ ಎದುರಿಗೆ ಬಂದಳು. ಜೊತೆಗೆ ಅವಳಿ ಮೊಮ್ಮಕ್ಕಳು, ಇಬ್ಬರ ಬೆನ್ನಿಗೂ ಬೆಲ್ಟು, ಎರಡೂ ಬೆಲ್ಟಿನ ಹಗ್ಗ ಅವಳ ಮುಂಗೈಯಲ್ಲಿ. ಅಂಗಡಿಯಲ್ಲಿ ಕೊಂಡದ್ದು, ಮೇಲೆ ಚಿಟ್ಟೆಯ ಚಿತ್ರ ಬೇರೆ. ಅವಳು ನನ್ನ ಗಂಟು ಹಿಡಿದು ನೋಡಿದಳು, ನಾನು ಅವಳ ಬೆಲ್ಟು ಜಗ್ಗಿ ನೋಡಿದೆ. ಅವಳೇನು ಅಂದಳೋ ನನಗೆ ತಿಳಿಯಲಿಲ್ಲ, ನಾನು ಅಂದದ್ದೂ ಅವಳಿಗೆ ತಿಳಿದಿರಲಿಕ್ಕಿಲ್ಲ. ಇಬ್ಬರೂ ಬಹಳ ಹೊತ್ತು ಮಾತಾಡಿದೆವು. ಆಮೇಲೆ ಮಾಳಪ್ಪ ಬಿಚ್ಚು ಅನ್ನಲಿಲ್ಲ.

ಮೊದಲ ಸಂಜೆ

ಐದು ಗಂಟೆಗೆ ಕೊಂಬು ಊದಿತು. ಏಳು ಸಲ ಗಿಡ್ಡ, ಒಂದು ಸಲ ಉದ್ದ. ಸಿದ್ದು ಕಿವಿ ಮುಚ್ಚಿಕೊಂಡು ಅಳತೊಡಗಿದ. ಸಾವಿತ್ರಿ ಅವನ ಕೈಗಳ ಮೇಲೆ ತನ್ನ ಕೈ ಇಟ್ಟು ಎತ್ತಿಕೊಂಡೇ ನಡೆದಳು. ನಮ್ಮ ಜಾಗ ನಾಲ್ಕನೆಯ ಅಂತಸ್ತಿನ ಓಣಿ, ದೋಣಿಗಳು ತೂಗುಬಿಟ್ಟ ಕಡೆ. ಗೋಡೆಯ ಮೇಲೆ ಸಿದ್ದುವಿನ ಎತ್ತರದ ಒಂದು ಹಸಿರು ಅಕ್ಷರ, ಇಂಗ್ಲಿಷಿನ ಸಿ. ಕೆಳಗೆ ನೆಲದ ಮೇಲೆ ಹಸಿರು ಗೆರೆ. ಮಕ್ಕಳ ಕೈಗೆ ಅದೇ ಅಕ್ಷರದ ಹಳದಿ ಪಟ್ಟಿ.

ಆ ಜಾಗ ನೋಡಿಕೊಳ್ಳುವ ಹುಡುಗಿಯ ಹೆಸರು ಗ್ರೇಸ್. ಫಿಲಿಪೈನ್ಸ್ ದೇಶದವಳು, ಸಣ್ಣ ಮುಖ, ನಕ್ಕರೆ ಕಣ್ಣು ಮುಚ್ಚಿಹೋಗುತ್ತಿದ್ದವು. ಕೈಯಲ್ಲಿ ಹಲಗೆ ಹಿಡಿದು ಒಬ್ಬೊಬ್ಬರನ್ನೇ ನೋಡಿ ಗುರುತು ಹಾಕಿದಳು. ಮಕ್ಕಳ ಹತ್ತಿರ ಬಂದಾಗ ತಲೆ ಮುಟ್ಟಿ ಎಣಿಸಿದಳು. ಸಿದ್ದು ತಲೆ ಮುಟ್ಟಿಸಿಕೊಳ್ಳುವವನಲ್ಲ. ಸಾವಿತ್ರಿ ತಡೆಯಲು ಕೈ ಎತ್ತಿದಳು. ಆದರೆ ಅವನು ಅಳು ನಿಲ್ಲಿಸಿ ಗೋಡೆಯ ಆ ಅಕ್ಷರದ ಮೇಲೆ ಬೆರಳು ಓಡಿಸುತ್ತಿದ್ದ, ಮೇಲಿಂದ ಸುತ್ತಿ ಕೆಳಗೆ, ಕೆಳಗಿಂದ ಸುತ್ತಿ ಮೇಲೆ. ಗ್ರೇಸ್ ಮುಟ್ಟಿದ್ದು ಅವನಿಗೆ ಗೊತ್ತೇ ಆಗಲಿಲ್ಲವೋ, ಗೊತ್ತಾಗಿಯೂ ಬಿಟ್ಟನೋ. ಎಣಿಕೆ ಸರಿಬಂತು. ಹಡಗು ಹೊರಟಿತು.

ನನಗೆ ಎಷ್ಟು ಹಿಗ್ಗು ಅಂದರೆ, ರಾತ್ರಿ ಊಟಕ್ಕೆ ಕೂತಾಗ ಬಾಜೂ ಮೇಜಿನವರಿಗೂ ಕೈಸನ್ನೆಯಲ್ಲಿ ಎಣಿಕೆಯ ಸುದ್ದಿ ಹೇಳಿದೆ. ಸಾವಿತ್ರಿ ಮಾತ್ರ ಗೋಡೆಗೆ ಒರಗಿ ನಿಂತೇ ಉಂಡಳು. ಬಡಿಸುವವನು ಮೂರು ಸಲ ಕುರ್ಚಿ ಜಗ್ಗಿ ಕೊಟ್ಟ. ಮೂರು ಸಲವೂ ಥ್ಯಾಂಕ್ಯೂ ಅಂದಳು.

ಎರಡನೆಯ ಸಂಜೆ

ಹಡಗಿನ ಮಂದಿಯ ರೀತಿಯೇ ಬೇರೆ. ಬಿಸಿಲು ತಪ್ಪಿಸಲು ನಾವು ಮರ ಹುಡುಕುತ್ತೇವೆ, ಇವರು ಮೈಗೆ ಎಣ್ಣೆ ಹಚ್ಚಿಕೊಂಡು ಬಿಸಿಲನ್ನು ಹುಡುಕಿ ಮಲಗುತ್ತಾರೆ. ಡಿಕ್ಕಿ ಆಗುವ ಮೊದಲೇ ಸಾರಿ ಅನ್ನುತ್ತಾರೆ. ಆದರೆ ಯಾವ ಊರು, ಎಷ್ಟು ಮಕ್ಕಳು ಅಂತ ಒಬ್ಬರೂ ಕೇಳುವುದಿಲ್ಲ. ಕೋಣೆ ಒರೆಸುವವನು ಟವೆಲ್ಲು ಮಡಚಿ ಹಾಸಿಗೆಯ ಮೇಲೆ ಕುರಿ ಮಾಡಿ ಇಟ್ಟಿದ್ದ. ಕಿವಿ ನೆಟ್ಟಗೆ ನಿಂತಿದ್ದವು. ಕುರಿಯ ಕಿವಿ ಹಾಗೆ ಇರುತ್ತವೆಯೇ? ನಾನು ಜೋತು ಬೀಳಿಸಿ ಇಟ್ಟೆ, ಮೂಗನ್ನೂ ಸ್ವಲ್ಪ ಉಬ್ಬಿಸಿದೆ. ಮರುದಿನ ಅವನು ನಮ್ಮ ಸೀಮೆಯ ಕುರಿಯನ್ನೇ ಮಾಡಿಟ್ಟಿದ್ದ.

ಎರಡನೆಯ ದಿನ ನಾಲ್ಕೂವರೆಯಿಂದಲೇ ನನಗೆ ಚಡಪಡಿಕೆ. ಹಟ್ಟಿಯಂತೆ ಇಲ್ಲೂ ದಿನಾ ಸಂಜೆ ಎಣಿಕೆ ಅಂದುಕೊಂಡಿದ್ದೆ, ತಡವಾಗಬಾರದು. ಸಾವಿತ್ರಿ, ಸಿದ್ದುವನ್ನು ಎಬ್ಬಿಸಿಕೊಂಡು ಐದಕ್ಕೆ ಸರಿಯಾಗಿ ಆ ಗೆರೆಯ ಮೇಲೆ ಹೋಗಿ ನಿಂತೆ. ಯಾರೂ ಇಲ್ಲ. ಕೊಂಬು ಊದಲಿಲ್ಲ. ಜನ ಎಷ್ಟು ಬೇಜವಾಬ್ದಾರಿ ಅಂತ ಬೈದುಕೊಂಡೆ. ಸಾವಿತ್ರಿ ಮೆಲ್ಲಗೆ, ಇವತ್ತು ಇಲ್ಲವೇನೋ ಅಂದಳು. ನಾವು ನಿಂತದ್ದು ನೋಡಿ ಇಬ್ಬರು ಚೀನೀ ಮುದುಕರು ಬಂದು ನಮ್ಮ ಹಿಂದೆ ನಿಂತರು, ಅವರ ಹಿಂದೆ ಇನ್ನೊಂದು ಜೋಡಿ. ಸಾಲು ಕಂಡರೆ ನಿಲ್ಲುವುದು ನಮ್ಮವರ ಗುಣ ಮಾತ್ರ ಅಂದುಕೊಂಡಿದ್ದೆ.

ಮಾಳಪ್ಪ ಮತ್ತು ಅಕ್ಷತಾ ನಮ್ಮನ್ನು ಹುಡುಕಿ ಬರುವುದಕ್ಕೂ ಗ್ರೇಸ್ ಆ ದಾರಿಯಲ್ಲಿ ಬರುವುದಕ್ಕೂ ಸರಿಹೋಯಿತು. ಅಕ್ಷತಾ ಇಂಗ್ಲಿಷಿನಲ್ಲಿ ಕೇಳಿ ನನಗೆ ತಿರುಗಿಸಿ ಹೇಳಿದಳು. ಎಣಿಕೆ ಮೊದಲ ದಿನ ಮಾತ್ರ. ಹಡಗಿಗೆ ಅಪಾಯ ಬಂದರೆ ಎಲ್ಲಿ ನಿಲ್ಲಬೇಕು ಅಂತ ಕಲಿಸಲು. ದಿನಾ ಇಲ್ಲ.

ನಾನು ಸುಮ್ಮನಾಗಬೇಕಿತ್ತು. ಈ ಹಡಗಿನವರೊಬ್ಬರೇ ಎಣಿಸುತ್ತಾರಲ್ಲ, ಅದೇ ದೊಡ್ಡದು ಅಂತ ಹೇಳು ಅಂದೆ. ಅಕ್ಷತಾ ಹೇಳಿದಳು. ಗ್ರೇಸ್ ನಕ್ಕು ಏನೋ ಅಂದಳು. ಅಕ್ಷತಾಳ ಮುಖದ ನಗು ನಿಂತುಹೋಯಿತು.

“ಆಯಿ, ಎಲ್ಲಾ ಹಡಗಿನ್ಯಾಗೂ ಎಣಸ್ತಾರಂತ. ಅದು ಕಾಯ್ದೆ ಅಂತ.” ಸ್ವಲ್ಪ ತಡೆದು, “ಜಾರುಬಂಡಿ ಹಡಗಿನ್ಯಾಗೂ,” ಅಂದಳು.

ಮಾಳಪ್ಪ ಕೆಮ್ಮು ಬರುವವರೆಗೆ ನಕ್ಕ. ನನ್ನ ಕಿವಿ ಬಿಸಿಯಾದವು. ಆರಿಸಿದವಳು ನಾನು, ಹುಕ್ಕೇರಿಯವರೆಗೆ ಹೋಗಿ ಕೇಳಿ ಬಂದವಳು ನಾನು. ಕೂಸಿನ ಆಸೆ ಕಿತ್ತುಕೊಂಡು ಏನು ಕೊಟ್ಟೆ? ಅಕ್ಷತಾ ಅಳಲೂ ಇಲ್ಲ, ಜಗಳವನ್ನೂ ಮಾಡಲಿಲ್ಲ. ಅದು ಇನ್ನೂ ಕಷ್ಟ.

ಹೋಗೋಣ ಅಂದರೆ ಸಿದ್ದು ಬರಲಿಲ್ಲ. ಎಷ್ಟು ಜಗ್ಗಿದರೂ ಗೆರೆ ಬಿಟ್ಟು ಕದಲಲಿಲ್ಲ. ಗ್ರೇಸಳ ಕಡೆ ತಲೆ ಬಾಗಿಸಿ ನಿಂತಿದ್ದ. ಅವಳಿಗೆ ನಮಗಿಂತ ಮೊದಲು ತಿಳಿಯಿತು. ಹತ್ತಿರ ಬಂದು ಅವನ ತಲೆ ಮುಟ್ಟಿದಳು, ಆಮೇಲೆ ಸಾವಿತ್ರಿಯ ತಲೆ, ನನ್ನ ತಲೆ, ಐದೂ ಮಂದಿಯದು ಆಯಿತು. ಚೀನೀ ಮುದುಕರದನ್ನೂ ಬಿಡಲಿಲ್ಲ. ಎಣಿಸಿ ಮುಗಿದ ಕೂಡಲೇ ಸಿದ್ದು ತಾನಾಗಿ ಮೆಟ್ಟಿಲ ಕಡೆ ನಡೆದ.

ಪೆನಾಂಗ್

ಮೂರನೆಯ ದಿನ ನೆಲ ಕಂಡಿತು. ಇಳಿದ ಕೂಡಲೇ ಬೆವರು, ಮೀನಿನ ವಾಸನೆ, ಹೂವಿನ ವಾಸನೆ. ಒಂದು ಓಣಿಯಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ತಮಿಳು ಅಜ್ಜಿಯೊಬ್ಬಳು ಬೆರಳು ಎತ್ತಿ, ಎಷ್ಟು ಮೊಮ್ಮಕ್ಕಳು ಅಂತ ಸನ್ನೆಯಲ್ಲಿ ಕೇಳಿದಳು. ಆ ಪ್ರಶ್ನೆ ಕೇಳಿಸಿಕೊಂಡು ಎಷ್ಟೋ ದಿನ ಆದಂತಾಗಿತ್ತು. ಅವಳ ಪಕ್ಕದಲ್ಲೇ ಒಂದಿಷ್ಟು ಕೂತು ನಾನೂ ಒಂದು ಮೊಳ ಕಟ್ಟಿಕೊಟ್ಟೆ.

ಮುಂದೆ ಕಬ್ಬಿನ ಹಾಲಿನ ಗಾಡಿ. ಕಬ್ಬಿನ ಸೀಮೆಯಿಂದ ಇಷ್ಟು ದೂರ ಬಂದು ಮತ್ತೆ ಕಬ್ಬು! ಕುಡಿದು ನೋಡಿದೆ. ಮಂಜುಗಡ್ಡೆ ಬಹಳ, ಹಸಿಶುಂಠಿ ಇಲ್ಲ, ಲಿಂಬೆ ಇಲ್ಲ. ಕಬ್ಬೂ ನಮ್ಮದಕ್ಕಿಂತ ಸಪ್ಪೆ. ಸಿದ್ದುವಿಗೆ ರುಚಿಯ ಹಂಗಿಲ್ಲ, ತಿರುಗುವ ಗಾಣದ ಮುಂದೆ ಕುಕ್ಕರಗಾಲಿನಲ್ಲಿ ಕೂತುಬಿಟ್ಟ. ಅರ್ಧ ತಾಸಾದರೂ ಏಳಲಿಲ್ಲ. ಸಾವಿತ್ರಿ ಬಗ್ಗಿ ಅವನ ಕಾಲರು ಹಿಡಿದು ನಿಂತೇ ಇದ್ದಳು. ಅವಳ ಕೈಯ ಗ್ಲಾಸಿನ ಮಂಜು ಬಿಸಿಲಿಗೆ ನೀರಾಯಿತು.

ಬಿಡಿಸಿಕೊಂಡು ಹೋಗುವುದು ಹೇಗೆ ಅಂತ ನಾವು ಯೋಚಿಸುತ್ತಿದ್ದಾಗ ಅವನೇ ಎದ್ದ. ಹಡಗಿನ ದಾರಿ ಹಿಡಿದ, ಸೀರೆಯ ಪಟ್ಟಿ ಬಿಗಿಯಾಗುವಷ್ಟು ಜೋರು. ನಾನು ಹಿಂದೆ ಓಡಿದೆ. ಮಾಳಪ್ಪ ಗಡಿಯಾರ ನೋಡಿದ, ನಾಲ್ಕೂವರೆ. ಹೊತ್ತು ಇಳಿದಾಗ ಹಿಂಡು ಹಟ್ಟಿಯ ಕಡೆ ಮುಖ ಮಾಡುತ್ತದಲ್ಲ, ಅದಕ್ಕೆ ಗಡಿಯಾರ ಯಾರು ಕಲಿಸಿದ್ದಾರೆ?

ಆ ಸಂಜೆಯೂ ಗ್ರೇಸ್ ಬಂದಳು. ಕೆಲಸದ ನಡುವೆ ಓಡಿ ಬಂದದ್ದು ಅಂತ ಅವಳ ಒದ್ದೆ ಕೈ ಹೇಳುತ್ತಿತ್ತು. ಊರಿಗೆ ಫೋನ್ ಮಾಡಿದಾಗ ನಮ್ಮ ಮನೆಯವರಿಗೆ ಇದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, ಕಪ್ಪು ಕುರಿ ಎರಡು ಮರಿ ಹಾಕಿತು ಅಂದರು.

ಕೊನೆಯ ದಿನ, ನಡುನೀರು

ಇಡೀ ದಿನ ನೀರೇ ನೀರು. ಇಳಿಹೊತ್ತಿನಲ್ಲಿ ಈಜುಕೊಳದಲ್ಲಿ ಮಕ್ಕಳಿಗೊಂದು ಸ್ಪರ್ಧೆ. ತಳದಲ್ಲಿ ಬಣ್ಣದ ಬಳೆಗಳನ್ನು ಹಾಕಿ, ಯಾರು ಹೆಚ್ಚು ತರುತ್ತಾರೆ ನೋಡುವುದು. ಜಾರುಬಂಡಿಯ ಮಾತು ಬಂದ ದಿನದಿಂದ ಅಕ್ಷತಾ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಳು. ಆದರೆ ಅಂದು ತಾನಾಗಿ ಬಂದು, ನೋಡಲು ಬಾ ಅಂತ ಕರೆದಳು. ನಾನು ಓಡಿದೆ. ಸಾವಿತ್ರಿ ಬಟ್ಟೆ ಬದಲಿಸಲು ಕೋಣೆಗೆ ಹೋಗಿದ್ದಳು, ಸಿದ್ದು ನನ್ನ ಕೈಯಲ್ಲಿದ್ದ. ಪಟ್ಟಿ ಕಟ್ಟಿರಲಿಲ್ಲ. ಮೂರು ದಿನ ಏನೂ ಆಗಿರಲಿಲ್ಲವಲ್ಲ.

ಅಕ್ಷತಾ ಮುಳುಗಿದಳು. ಎದ್ದಾಗ ಎರಡೂ ಮುಂಗೈ ತುಂಬ ಬಳೆ. ನಾನು ಚಪ್ಪಾಳೆ ಹೊಡೆದೆ, ಎರಡೂ ಕೈಯಿಂದ.

ಮತ್ತೆ ಕೈ ಚಾಚಿದಾಗ ಅಲ್ಲಿ ಸಿದ್ದು ಇರಲಿಲ್ಲ.

ಆಮೇಲಿನದನ್ನು ಸರಿಯಾಗಿ ಹೇಳಲು ನನಗೆ ಬರುವುದಿಲ್ಲ. ಹಡಗಿನ ಹುಡುಗಿಯೊಬ್ಬಳಿಗೆ ನನ್ನ ಸೊಂಟದ ಹತ್ತಿರ ಕೈ ಹಿಡಿದು ಇಷ್ಟೆತ್ತರ ಅಂತ ತೋರಿಸಿದೆ, ಮತ್ತೆ ಮತ್ತೆ ಅದನ್ನೇ ತೋರಿಸಿದೆ. ಅವಳು ರೇಡಿಯೋದಲ್ಲಿ ಮಾತಾಡಿದಳು. ಮಾಳಪ್ಪ ಲಿಫ್ಟುಗಳ ಕಡೆ ಓಡಿದ, ಗಾಜಿನ ಲಿಫ್ಟೆಂದರೆ ಸಿದ್ದುವಿಗೆ ಪ್ರಾಣ. ಸಾವಿತ್ರಿ ಮೇಲೆ ಬಂದಳು. ನನ್ನ ಮುಖ ನೋಡಿದಳು. ನೇರ ಕಟಾಂಜನದ ಹತ್ತಿರ ಹೋಗಿ ಬಗ್ಗಿ ನೀರು ನೋಡಿದಳು. ಆಮೇಲೆ ಕಟಾಂಜನ ಹಿಡಿದುಕೊಂಡೇ ಹಡಗಿನ ಉದ್ದಕ್ಕೂ ನಡೆಯತೊಡಗಿದಳು, ಕೆಳಗೆ ನೋಡುತ್ತ. ಮಗನ ಹೆಸರು ಕೂಗಲಿಲ್ಲ. ಮೂಡಲಗಿಯ ಅಂಗಡಿಯವನು ಅಂದ ಮಾತು ಅವಳ ಕಿವಿಯಲ್ಲಿತ್ತು, ನನ್ನ ಕಿವಿಯಲ್ಲೂ ಇತ್ತು. ನಾನು ಅವಳ ಹಿಂದೆ ಹೋಗಬೇಕೋ ಕೂಸಿನ ಹಿಂದೆ ಹೋಗಬೇಕೋ ತಿಳಿಯದೆ ನಿಂತಲ್ಲೇ ತಿರುಗಿದೆ.

ಮೈಯಿಂದ ನೀರು ಸುರಿಸುತ್ತ ಅಕ್ಷತಾ ಬಂದು ನನ್ನ ಎರಡೂ ತೋಳು ಹಿಡಿದಳು. “ಆಯಿ, ಐದ ಆತು,” ಅಂದಳು. ಅಂದವಳೇ ಓಡಿದಳು.

ನಾಲ್ಕನೆಯ ಅಂತಸ್ತಿಗೆ ನಾನು ಹೇಗೆ ಇಳಿದೆನೋ. ಓಣಿಯ ತುದಿಗೆ ಬಂದಾಗ ಕಂಡಿತು. ಸಿದ್ದು ಎರಡೂ ಕಾಲು ಹಸಿರು ಗೆರೆಯ ಮೇಲೆ ಜೋಡಿಸಿ ನಿಂತಿದ್ದ, ಬೆರಳು ಆ ಅಕ್ಷರದ ಮೇಲೆ. ಕಾವಲಿನವನೊಬ್ಬ ಬಗ್ಗಿ ಕೈ ಚಾಚಿ ಕರೆಯುತ್ತಿದ್ದ, ಇವನು ಕದಲುತ್ತಿರಲಿಲ್ಲ. ಗ್ರೇಸ್ ಅಲ್ಲಿರಲಿಲ್ಲ. ಅಕ್ಷತಾ ಹೋಗಿ ತಮ್ಮನ ತಲೆಯ ಮೇಲೆ ತನ್ನ ಒದ್ದೆ ಕೈ ಇಟ್ಟಳು.

“ಒಂದ,” ಅಂದಳು. ನನ್ನ ತಲೆ ಮುಟ್ಟಿ, “ಎರಡ.” ತನ್ನದು ಮೂರು. “ಅವ್ವ, ಅಪ್ಪ ಬರೂತನಕಾ ಯಾರೂ ಅಳ್ಳಾಡಬ್ಯಾಡ್ರಿ.”

ನಿಂತೆವು. ಕಾವಲಿನವನೂ ನಿಂತ. ಮಾಳಪ್ಪ ಉಸಿರು ಬಿಡುತ್ತ ಬಂದು ನಾಲ್ಕನೆಯವನಾದ. ಕೊನೆಗೆ ರೇಡಿಯೋದ ಆ ಹುಡುಗಿ ಸಾವಿತ್ರಿಯ ಭುಜ ಹಿಡಿದು ಕರೆತಂದಳು. ಅವಳ ಅಂಗೈ ಕಟಾಂಜನದ ಮೇಲಿನ ಉಪ್ಪಿನಿಂದ ಬೆಳ್ಳಗಾಗಿತ್ತು. ಓಡಿ ಬಂದು ಅಪ್ಪಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಅವಳು ಬೇರೆ ಏನನ್ನೋ ನೋಡುತ್ತಿದ್ದಳು, ಮಗನ ಕಾಲು, ಗೆರೆಯ ಮೇಲಿನ ಕಾಲು. ಬಂದು ಸಾಲಿನ ತುದಿಗೆ ನಿಂತಳು. ಅಕ್ಷತಾ ಅವ್ವನ ತಲೆ ಮುಟ್ಟಿ, “ಐದ,” ಅಂದಳು. ಸಿದ್ದು ಎಂದಿನಂತೆ ಮೆಟ್ಟಿಲ ಕಡೆ ಹೊರಟ.

ಊಟದ ಹೊತ್ತಿನವರೆಗೆ ನಾನು ಬೈಗುಳ ಕಾಯುತ್ತಿದ್ದೆ. ಕೈ ಬಿಟ್ಟವಳು ನಾನು. ಹಡಗು ಆರಿಸಿದವಳು ನಾನು. ಬೈದಿದ್ದರೆ ಹಗುರಾಗುತ್ತಿತ್ತು. ಸಾವಿತ್ರಿ ಕೋಣೆಯಲ್ಲಿ ಬಟ್ಟೆ ಮಡಚುತ್ತ, ನನ್ನ ಕಡೆ ನೋಡದೆ ಅಂದಳು: “ಅತ್ತಿ, ಅವ ಓಡಿ ಹೋಗಿದ್ದಿಲ್ರಿ. ನಮ್ಮನ್ನ ಕಾಕೊಂತ ಬಂದ ನಿಂತಿದ್ದ.” ಮತ್ತೆ ಒಂದು ಅಂಗಿ ಮಡಚಿ, “ಇಷ್ಟ ವರ್ಷದಾಗ ಅವ ಒಮ್ಮೆರೆ ನಮ್ಮನ್ನ ಕಾದಿದ್ದಿಲ್ಲ,” ಅಂದಳು.

ಊಟದ ಮನೆಯಲ್ಲಿ ಸಿದ್ದು ಮೊಸರನ್ನ ತಿಂದು ಎದ್ದ. ಅಕ್ಷತಾ ಅವನ ಕೈ ಹಿಡಿದು, ಲಿಫ್ಟು ತೋರಿಸಿಕೊಂಡು ಬರುತ್ತೇನೆ ಅಂದಳು. ಹೋಗುವ ಮೊದಲು ನನ್ನ ಕಿವಿಯಲ್ಲಿ, ಮುಂದಿನ ಸಲ ಹಡಗು ತಾನು ಆರಿಸುವುದು ಅಂತ ಹೇಳಿ ಹೋದಳು. ನಾನು ಒಪ್ಪಿಕೊಂಡೆ. ಮಾಳಪ್ಪ ಸಾಮಾನು ಕಟ್ಟಲು ಹೋದ.

ಸಾವಿತ್ರಿ ಕುರ್ಚಿ ಜಗ್ಗಿಕೊಂಡು ಕೂತಳು. ತಾಟು ಮುಂದಿಟ್ಟುಕೊಂಡಳು. ಒಂದು ತುತ್ತು ಬಾಗಿಲ ಕಡೆ ನೋಡಿ ಉಂಡಳು, ಎರಡನೆಯದನ್ನು ತಾಟು ನೋಡಿ ಉಂಡಳು. ನನಗೇ ತಡೆಯಲಿಲ್ಲ. ಎದ್ದು ಬಾಗಿಲವರೆಗೆ ಹೋಗಿ ಇಣುಕಿ ಬಂದೆ. ಗಾಜಿನ ಲಿಫ್ಟಿನಲ್ಲಿ ಇಬ್ಬರೂ ಮೇಲೆ ಹೋಗುತ್ತಿದ್ದರು. ಕೂತೆ. ಮತ್ತೆ ಎದ್ದೆ. ಮೂರನೆಯ ಸಲ ಏಳುವಾಗ ಸೊಸೆ ನನ್ನ ಸೆರಗು ಹಿಡಿದಳು.

“ಅತ್ತಿ, ಕುಂದರ್ರಿ,” ಅಂದಳು. “ನಾ ಇನ್ನೂ ಉಣ್ಣೂದೈತಿ.”

ಬಡಿಸುವವನನ್ನು ತಾನೇ ಕೈ ಎತ್ತಿ ಕರೆದಳು. ಅವನು ಅನ್ನ ತಂದ, ಬೇಳೆ ತಂದ, ಮತ್ತೆ ಅನ್ನ ತಂದ. ಮೇಜುಗಳೆಲ್ಲ ಖಾಲಿಯಾದವು, ಆಚೆ ಕಡೆ ದೀಪ ಆರಿಸತೊಡಗಿದರು. ಅವಳು ಉಣ್ಣುತ್ತಲೇ ಇದ್ದಳು, ನಾನು ಎದುರಿಗೆ ಕೂತೇ ಇದ್ದೆ.